ದೃಷ್ಟಿ ನೀರು

ಲೋಕದಲ್ಲಿ ಸಿಹಿನೀರು ತೀರುತ್ತ ಬಂದ ಮೇಲೆ ಕೂಸುಗಳಿಗೆ ದಿನವೂ ಹಾಡಿನ ಸ್ನಾನ. ಎರೆಯುವ ಈರವ್ವ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಗಂಗೆಯ ಹಾಡು ಹೇಳುತ್ತ ಒಣಗೈಯಿಂದ ಮೈ ನೀವುತ್ತಾಳೆ. ತೊಟ್ಟಿಲಿಗೆ ಹಾಕುವ ದಿನ ಮಾತ್ರ ನಗರಸಭೆಯಿಂದ ಒಂದು ತಂಬಿಗೆ ನಿಜವಾದ ನೀರು ಬರುತ್ತದೆ.

ಇವತ್ತು ಬಂದಿತ್ತು. ನೀರು ತಾಗಿದೊಡನೆ ಮಗು ಬೆಚ್ಚಿತು, ಆಮೇಲೆ ಬಾಯಿ ಚಪ್ಪರಿಸಿತು.

"ನೋಡವ್ವ, ಸಾವ್ಕಾರಗ ರುಚಿ ಹತ್ತಿತು," ಎಂದು ಈರವ್ವ ನಕ್ಕಳು.

ತಂಬಿಗೆಯ ತಳದಲ್ಲಿ ಉಳಿದ ನೀರನ್ನು ಪದ್ಧತಿಯಂತೆ ಮಗುವಿಗೆ ನಿವಾಳಿಸಿ, ಹೊರಗೆ ಚೆಲ್ಲಲು ಎದ್ದಳು. ಬಾಣಂತಿ ಸುಗಲಾ ಅವಳ ಸೆರಗು ಹಿಡಿದಳು. ನಿನ್ನೆಯಿಂದ ಅವಳ ಎದೆಹಾಲು ಬತ್ತುತ್ತಿತ್ತು.

"ಚೆಲ್ಲಬ್ಯಾಡ ಯವ್ವಾ. ನಾ ಕುಡೀತೀನಿ."

"ದೃಷ್ಟಿ ನೀರವ್ವ ಇದು. ಕೂಸಿಗೆ ತಾಗಿದ್ದೆಲ್ಲ ಇದರಾಗ ಐತಿ."

"ಇರಲಿ. ಅವಗ ತಾಗಿದ್ದು ನನಗ ತಾಗಲಿ."

ಈರವ್ವ ತಂಬಿಗೆಯೊಳಗೆ ನೋಡಿದಳು. ಆಮೇಲೆ ಕೂತು, ತಾನೇ ಸುಗಲಾಳ ಬಾಯಿಗೆ ಒಂದು ಹನಿಯೂ ಚೆಲ್ಲದಂತೆ ಹೊಯ್ದಳು. ಎರಡೂ ಕೈಯಿಂದ ಅವಳ ಕೆನ್ನೆ ನೀವಿ, ಬೆರಳುಗಳನ್ನು ತನ್ನ ತಲೆಗೊತ್ತಿ ನೆಟಿಗೆ ಮುರಿದಳು.

"ನಿನ್ನ ದೃಷ್ಟೀನೂ ಹೋತು," ಎಂದಳು. "ಇನ್ನ ಅವಗ ಹಾಲು ಕುಡಸು."