ಮಿಶ್ರಿ ಡಬ್ಬಿ

ಸೋನಾಲಿಯ ಹೊಟ್ಟೆಯ ಮೇಲೆ ಸರಿದಾಡುತ್ತಿದ್ದ ಸ್ಕ್ಯಾನಿಂಗ್ ಯಂತ್ರದ ಹಿಡಿಯನ್ನು ಡಾಕ್ಟರ್ ಮೆಹರೀನ್ ಒಂದೆಡೆ ನಿಲ್ಲಿಸಿದರು. "ಕೂಸಿನ ಎದಿ ಬಡಿತ ಛಲೋ ಅದ. ಆದ್ರ ಕೂಸಿಗೆ ಆಹಾರ ಮುಟ್ಟಿಸೋ ಮಾಸು ಸೊರಗ್ಯಾದ, ರಕ್ತ ಕಡಿಮಿ ಹೋಗಾಕತ್ತದ. ಅದಕ್ಕ ಕೂಸು ಬೆಳದಿಲ್ಲ. ನೀ ತಂಬಾಕು ಗಿಂಬಾಕು ತಿಂತೀಯೇನವ್ವಾ?"

"ಛೀ ಛೀ, ಇಲ್ರಿ!" ಎಂದವಳು ಅತ್ತೆ ಜಿಜಾಬಾಯಿ. "ನಮ್ಮ ಮನ್ಯಾಗ ಗಂಡಸರು ಸುದ್ದಾ ಬೀಡಿ ಮುಟ್ಟಂಗಿಲ್ಲ." ದುಬಲಗುಂಡಿಯಿಂದ ಹುಮನಾಬಾದಿಗೆ ಬಸ್ಸಿನಲ್ಲಿ ನಿಂತೇ ಬಂದಿದ್ದರೂ ಅವಳ ದನಿ ಗಟ್ಟಿಯಾಗಿತ್ತು. ಸ್ಕ್ಯಾನಿಂಗಿಗೆ ಮಲಗುವ ಮುಂಚೆ ಸೊಸೆ ಕೊಟ್ಟಿದ್ದ, ಹಲ್ಲುಪುಡಿಯ ಪುಟ್ಟ ತಗಡಿನ ಡಬ್ಬಿ ಅವಳ ಮುಷ್ಟಿಯಲ್ಲಿತ್ತು.

"ಇಲ್ರಿ" ಎಂದಳು ಸೋನಾಲಿಯೂ. ಬಾಯಿ ತೆರೆದಾಗ ಹಲ್ಲಿನ ಸಂದುಗಳಲ್ಲಿ ಕಪ್ಪು ಕಂಡಿತು.

"ಹಲ್ಲಿಗೆ ಏನ್ ಹಚ್ಚತೀ?"

"ಮಿಶ್ರಿ ರೀ. ದಿನಾ ಮೂರ್ನಾಕು ಸಲ. ವಾಂತಿ ನಿಲ್ತದಂತ ಅತ್ತಿನೇ ಮಾಡಿ ಕೊಡ್ತಾರ."

ಡಾಕ್ಟರು ಜಿಜಾಬಾಯಿಯ ಕಡೆ ತಿರುಗಿದರು. "ಮಿಶ್ರಿ ಹ್ಯಾಂಗ ಮಾಡ್ತೀರಿ ಅಮ್ಮಾರ?"

ಇದನ್ನು ಕೇಳಿದವರಿಗೆಲ್ಲ ಅವಳು ಖುಷಿಯಿಂದ ಹೇಳಿಕೊಡುತ್ತಿದ್ದಳು. ಈಗಲೂ ಒಂದು ಹೆಜ್ಜೆ ಮುಂದೆ ಬಂದಳು. "ಅಂಗಡಿದು ತರಂಗಿಲ್ರಿ. ಛಲೋ ತಂಬಾಕಿನ ಎಲಿ ನೋಡಿ ತಂದು, ಹಂಚಿನ ಮ್ಯಾಲ ಕರ್ರಗ ಹುರದು..."

ಮಾತು ಅಲ್ಲೇ ನಿಂತಿತು. ಡಾಕ್ಟರು ಪರದೆಯ ಮೇಲಿನ ಚಿತ್ರದತ್ತ ನೋಡಿದರು.

ಹೊಟ್ಟೆ ಒರೆಸಿಕೊಂಡು ಎದ್ದು ಕುಳಿತ ಸೋನಾಲಿ, ರೂಢಿಯಂತೆ ಡಬ್ಬಿಗಾಗಿ ಕೈ ಚಾಚಿದಳು. ಜಿಜಾಬಾಯಿ ಮುಷ್ಟಿ ಬಿಚ್ಚಲಿಲ್ಲ.