ಒದ್ದೆ ನೆಲದ ಚಪ್ಪಲಿ

ಖಾನಾಪುರದ ಸೇತುವೆಯ ಮೇಲೆ ಟೆಂಪೋ ನಿಲ್ಲಿಸಿ, ಮುತ್ತಪ್ಪ ಹೆಂಡತಿ ಪ್ರಮಿಳಾಳ ನೀಲಿ ರಬ್ಬರ್ ಚಪ್ಪಲಿಗಳನ್ನು ಒಂದೊಂದಾಗಿ ಮಲಪ್ರಭೆಗೆ ಎಸೆದ. ಒಂದು ಕೂಡಲೇ ತೇಲಿಹೋಯಿತು. ಇನ್ನೊಂದು ಕಂಬಕ್ಕೆ ತಾಗಿ ಅಲ್ಲೇ ಸುತ್ತತೊಡಗಿತು. ಅದೂ ಕಣ್ಮರೆಯಾಗುವ ತನಕ ಅವನು ಕದಲಲಿಲ್ಲ.

ಆ ಚಪ್ಪಲಿಗಳನ್ನು ಕೊಟ್ಟವನು ಸುಜಯ, ಬೆಳಗಾವಿಯ ಈಜುಕೊಳವೊಂದರಲ್ಲಿ ಈಜು ಕಲಿಸುವ ತರುಣ. ಪ್ರಮಿಳಾ ಅಲ್ಲಿ ಹೆಂಗಸರ ಸ್ನಾನದ ಕೋಣೆಗಳನ್ನು ತೊಳೆಯುವ ಕೆಲಸಕ್ಕೆ ಸೇರಿದ್ದಳು. ಹೊರಗೆ ಮೆಟ್ಟಿದ್ದನ್ನು ಒಳಗೆ ತರುವಂತಿರಲಿಲ್ಲ. ದಿನವಿಡೀ ಒದ್ದೆ ನೆಲದ ಮೇಲೆ ಬರಿಗಾಲು. ಅದನ್ನು ಕಂಡ ಸುಜಯ, ಒಳಗಷ್ಟೇ ಮೆಟ್ಟಿಕೊಳ್ಳಲಿ ಎಂದು ಹೊಸ ಜೋಡಿ ತಂದುಕೊಟ್ಟಿದ್ದ. ರಜೆ ಬಂದರೆ ಅವಳು ಅದನ್ನು ಮನೆಗೆ ತಂದು, ಸೋಪು ಹಚ್ಚಿ ತೊಳೆದು, ಬಿಸಿಲಿಗೆ ಒಣಗಿಸುತ್ತಿದ್ದಳು.

ಚಪ್ಪಲಿಯೊಂದೇ ಆಗಿದ್ದರೆ ಮುತ್ತಪ್ಪ ಸಹಿಸುತ್ತಿದ್ದನೇನೋ. ಕೊಟ್ಟವನ ಮಾತುಗಳೂ ಮನೆಗೆ ಬರತೊಡಗಿದವು. ಜಳಕ ಮಾಡಿ ಬಂದು ಅವಳ ಟವೆಲಿಗೆ ಕೈ ಹಾಕಿದರೆ, "ಅದು ಬ್ಯಾಡ್ರಿ, ನಿಮ್ಮದ ತಗೋರಿ. ಒಬ್ಬರದು ಇನ್ನೊಬ್ಬರು ವಾಪರಸಬಾರದಂತ, ಸುಜಯ ಸರ್ ಹೇಳ್ಯಾರ" ಎನ್ನುವಳು. ಕಾಲು ತೊಳೆದು ಹಾಗೇ ಒಳಗೆ ಬಂದರೆ, "ಬೆರಳಸಂದಿ ಒರಸ್ಕೋರಿ. ಕಾಲು ಹಸಿ ಇಡಬಾರದಂತ."

"ಇದನ್ನೂ ಅಂವನ ಹೇಳ್ಯಾನೇನು?"

"ಹೂನ್ರಿ," ಎಂದಳು ಪ್ರಮಿಳಾ, ಅಕ್ಕಿ ಆರಿಸುತ್ತಲೇ. ಅವಳು ತಲೆಯೆತ್ತದೆ ಅಷ್ಟು ಸಲೀಸಾಗಿ ಹೇಳಿದ್ದೇ ಅವನಿಗೆ ಚುಚ್ಚಿತು.

ಒಂದು ದಿನ ಬೆಳಗಾವಿಯ ರವಿವಾರ ಪೇಟೆಯಲ್ಲಿ ಸರಕು ತುಂಬಿಕೊಂಡವನು ಬೇಕೆಂದೇ ಈಜುಕೊಳದ ದಾರಿ ಹಿಡಿದ. ಗೇಟಿನಾಚೆ ಸುಜಯ ನಿಂತಿದ್ದ. ಕೊರಳಲ್ಲಿ ಸೀಟಿ, ಒದ್ದೆ ತಲೆ. "ಪ್ರಮಿಳಾಕ್ಕಾ, ಸಾವಕಾಶ ಬರ್ರಿ, ಅಲ್ಲೆ ಜಾರತೈತಿ" ಎಂದು ಕೂಗುತ್ತಿದ್ದ. ಅಕ್ಕಾ ಎಂದದ್ದು ಮುತ್ತಪ್ಪನಿಗೆ ಸರಿಯಾಗಿಯೇ ಕೇಳಿಸಿತು. ಆದರೂ ಹೊಟ್ಟೆಯ ಉರಿ ಆರಲಿಲ್ಲ. ಅವಳ ಕಾಲು ಎಲ್ಲಿ ಜಾರುತ್ತದೆ ಎಂಬುದು ಆ ಸುಜಯನಿಗೆ ಗೊತ್ತು. ಇಷ್ಟು ವರ್ಷ ಜೊತೆಗಿದ್ದ ತಾನು ಆ ಕಾಲುಗಳನ್ನು ಒಮ್ಮೆಯೂ ನೋಡಿದ ನೆನಪಿಲ್ಲ. ಮರುವಾರ ಚಪ್ಪಲಿಗಳು ಹೊಳೆ ಸೇರಿದವು.

"ನಾನ ಹೊಳಿಗೆ ಒಗದು ಬಂದೇನಿ," ಎಂದ, ಅಂಗಳವೆಲ್ಲ ಹುಡುಕುತ್ತಿದ್ದ ಹೆಂಡತಿಗೆ. "ಸಣ್ಣಾಕಿ ಇದ್ದಾಗಿಂದ ಬರಿಗಾಲೀಲೆ ಅಡ್ಡಾಡಿದಾಕಿ, ಈಗ ನಿನಗ ಮಂದಿ ಕೊಟ್ಟ ಚಪ್ಪಲ್ ಬೇಕ?"

ಪ್ರಮಿಳಾ ಅವನನ್ನು ದಿಟ್ಟಿಸಿದಳು. "ಆತ್ರಿ. ಬರಿಗಾಲೀಲೆ ಇರತೇನಿ."

ಹಟದವಳು; ಹಾಗೆಯೇ ಇದ್ದಳು. ಬೇರೆ ಜೋಡಿ ತರುತ್ತೇನೆಂದ ಸುಜಯನಿಗೂ ಬೇಡವೆಂದಳು. ಮನೆಯಲ್ಲಿ ಅವನ ಹೆಸರು ನಿಂತುಹೋಯಿತು. ಗೆದ್ದೆ ಎಂದುಕೊಂಡ ಮುತ್ತಪ್ಪ.

ಮಳೆಗಾಲ ಕಳೆಯುವ ಹೊತ್ತಿಗೆ ಅವಳು ಎಡಗಾಲಿನ ಹಿಮ್ಮಡಿ ಊರದೆ ನಡೆಯುತ್ತಿದ್ದಳು. ಅತ್ತೆ ಕಾಶವ್ವ, ಆಣಿಯಂಥ ಕುರುಪು ಎದ್ದಿದೆ ಎಂದು ಸುಣ್ಣ ಹಚ್ಚಿದಳು. ನೋವು ಹೆಚ್ಚಾಯಿತೇ ಹೊರತು ಇಳಿಯಲಿಲ್ಲ. ಕೊನೆಗೆ ಮುತ್ತಪ್ಪನೇ ಟೆಂಪೋದಲ್ಲಿ ಕೂರಿಸಿಕೊಂಡು ಬೆಳಗಾವಿಯ ಚರ್ಮದ ಡಾಕ್ಟರರಲ್ಲಿಗೆ ಕರೆದೊಯ್ದ. ಆಕೆ ಪಾದವನ್ನು ಬೆಳಕಿಗೆ ತಿರುಗಿಸಿ ನೋಡಿದರು. ದಡ್ಡುಗಟ್ಟಿದ ಚರ್ಮದ ನಡುವೆ ಕಪ್ಪು ಚುಕ್ಕೆಗಳು.

"ಇದು ಕುರುಪು ಅಲ್ರಿ, ನರಹುಲಿ. ಹತ್ತು ಮಂದಿ ಜಳಕಾ ಮಾಡೂ ಹಸಿ ನೆಲದ ಮ್ಯಾಲೆ ಬರಿಗಾಲೀಲೆ ಅಡ್ಡಾಡಿದ್ರ ಹಿಂಗ ಒಬ್ಬರದು ಒಬ್ಬರಿಗೆ ಹತ್ತತೈತಿ. ಅಲ್ಲೆ ಚಪ್ಪಲ್ ಹಾಕ್ಕೊಳ್ಳೂದಿಲ್ಲೇನು?"

ಮುತ್ತಪ್ಪ ಹೆಂಡತಿಯ ಮುಖ ನೋಡಿದ.

"ಮೊದಲ ಹಾಕ್ಕೋತಿದ್ನಿರಿ," ಎಂದಳು ಪ್ರಮಿಳಾ, ಗೋಡೆಯತ್ತ ನೋಡುತ್ತ. "ಕಳದ್ವು."

ಮರುದಿನ ಸರಕು ತುಂಬುವುದನ್ನು ಬಿಟ್ಟು ಅವನು ಚಪ್ಪಲಿ ಅಂಗಡಿಗೆ ಹೋದ. "ಹೆಣ್ಣಮಕ್ಕಳ ರಬ್ಬರ್ ಚಪ್ಪಲ್ ಕೊಡ್ರಿ. ನೀಲಿ ಬ್ಯಾಡ, ಬ್ಯಾರೆ ಬಣ್ಣದ್ದು."

"ನಂಬರ್ ಎಷ್ಟ್ರೀ?" ಅಂಗಡಿಯವ ಕೇಳಿದ.

"ನಮ್ಮ ಮನಿಯಾಕಿಗಿ."

"ಅವರದ ಕೇಳಾಕತ್ತೇನ್ರಿ. ಎಷ್ಟ?"

ಮುತ್ತಪ್ಪ ಫೋನು ತೆಗೆದ, ಮತ್ತೆ ಕಿಸೆಗೆ ಹಾಕಿಕೊಂಡ. ಸುಜಯ ಅವಳನ್ನು ಕೇಳಿ ತಂದಿದ್ದನೋ, ಬರೀ ಕಾಲು ನೋಡಿಯೇ ತಂದಿದ್ದನೋ? ಎರಡರಲ್ಲಿ ಯಾವುದಾದರೂ ಮುತ್ತಪ್ಪನಿಗೆ ಸುಖವಿರಲಿಲ್ಲ. ಬರಿಗೈಯಲ್ಲಿ ಹೊರಬಿದ್ದ.

ಸಂಜೆ ಪ್ರಮಿಳಾ ಕಟ್ಟೆಯ ಮೇಲೆ ಕುಳಿತು ಹಿಮ್ಮಡಿಗೆ ಔಷಧ ಹಚ್ಚಿಕೊಳ್ಳುತ್ತಿದ್ದಳು. ಮುತ್ತಪ್ಪ ಕೆಳಗಿನ ಮೆಟ್ಟಿಲಲ್ಲಿ ಕುಳಿತು, ಅವಳ ಪಾದವನ್ನು ಮೊಣಕಾಲ ಮೇಲೆಳೆದುಕೊಂಡ. ಕೈಬೆರಳುಗಳನ್ನು ಪೂರ್ತಿ ಅಗಲಿಸಿ, ಹಿಮ್ಮಡಿಯಿಂದ ಹೆಬ್ಬೆರಳಿನ ತನಕ ಗೇಣು ಹಾಕಿದ. ಅಂದುಕೊಂಡಿದ್ದಕ್ಕಿಂತ ಸಣ್ಣ ಪಾದ. ಕಿರುಬೆರಳನ್ನು ತುಸು ಒಳಗೆಳೆದು ಅಳತೆ ಸರಿಮಾಡಿಕೊಂಡ.

"ಏನ ಮಾಡಾಕತ್ತೀರಿ? ಅತ್ತಿ ನೋಡ್ತಾರ!" ಪ್ರಮಿಳಾ ಕಾಲನ್ನು ಸರಕ್ಕನೆ ಎಳೆದುಕೊಂಡು ಸೀರೆಯೊಳಗೆ ಮುಚ್ಚಿದಳು. "ಮುಟ್ಟಬ್ಯಾಡ್ರಿ, ಹತ್ತತೈತಿ. ಹೋಗಿ ಮೊದಲ ಕೈ ತೊಳಕೋರಿ."

ಅವನು ಎದ್ದು ನಳದ ಹತ್ತಿರ ಹೋದ. ಕೈಯ ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಅವಳ ಪಾದದ ಅಳತೆ ಇನ್ನೂ ಹಾಗೆಯೇ ಇತ್ತು. ಇನ್ನೊಂದು ಕೈಯಿಂದ ನೀರು ಬಿಟ್ಟು, ಬೆರಳು ಮಡಚಲಾರದೆ ನಿಂತುಕೊಂಡ.