ಹತ್ತು ಅಡಿ ದೂರ

ಬಾಗಿಲ ಪಕ್ಕದಲ್ಲೇ ಕೂತು ರೇಡಿಯೊ ತರಂಗದಲ್ಲಿ ಲೆಕ್ಕ ಕಳಿಸುವ ಹೊಸ ಕರೆಂಟ್ ಮೀಟರುಗಳ ವಿರುದ್ಧ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷೆ ಕುಮುದಿನಿ ಎರಡು ವರ್ಷ ಹೋರಾಡಿದ್ದರು. ಅವರ ತಲೆನೋವಿಗೂ, ಉದುರುವ ಕೂದಲಿಗೂ ಅವೇ ಕಾರಣ. ಇಲಾಖೆಯ ದಂಡಪಿಂಡಗಳಿಗೆ ಇದು ಅರ್ಥವಾಗಬೇಕಲ್ಲ! ಕೊನೆಗೂ ಆದೇಶ ಬಂತು: ಜನ ವಾಸಿಸುವ ಜಾಗದಿಂದ ಹತ್ತು ಅಡಿಯೊಳಗೆ ಇಂಥ ಮೀಟರು ಇರಕೂಡದು. ಮೂವತ್ತೆರಡು ಮನೆಗಳ ಮೀಟರುಗಳನ್ನೂ ಕಿತ್ತು, ಕೆಳಗೆ ಮೆಟ್ಟಿಲಡಿಯ ಕೋಣೆಯ ಗೋಡೆಗೆ ಸಾಲಾಗಿ ಜಡಿಸಿದರು.

ತಪಾಸಣೆಗೆ ಬಂದ ಇಂಜಿನಿಯರ್ ಕೋಣೆಯ ಬಾಗಿಲಲ್ಲೇ ನಿಂತ.

"ಎಲ್ಲಾ ಒಂದೇ ಕಡೆ ಹಾಕಿದ್ರೆ ಇಲ್ಲಿ ವಿಕಿರಣ ಜಾಸ್ತಿ ಆಗಲ್ವಾ ಮೇಡಂ?"

"ಎರಡು ವರ್ಷದಿಂದ ಏನೂ ಆಗಲ್ಲ, ಎಲ್ಲಾ ಮಿತಿಯೊಳಗಿದೆ ಅಂತಿದ್ದೋರು ನೀವೇ ಅಲ್ವೇನ್ರೀ? ಈಗ ಬುದ್ಧಿ ಬಂತಾ? ಆದೇಶ ಓದ್ಕೊಳ್ಳಿ. ಓದೋಕೆ ಬರುತ್ತೆ ತಾನೆ?"

ಅವನು ಫಾರಂ ತೆಗೆದ. ಒಳಗೆ ಒಂದು ಸ್ಟೌ, ಹಗ್ಗದ ಮೇಲೆ ನಾಲ್ಕು ಬಟ್ಟೆ, ಮೀಟರುಗಳ ಸಾಲಿನ ಕೆಳಗೆ ಸೀರೆಯಲ್ಲಿ ಕಟ್ಟಿದ ತೊಟ್ಟಿಲು. ಇಷ್ಟು ಹೊತ್ತಾದರೂ ಬಟ್ಟೆ ಮಡಚಿಲ್ಲವಲ್ಲ ಎಂದು ಕುಮುದಿನಿ ಮುಖ ಸಿಂಡರಿಸಿದರು.

"ಹತ್ತು ಅಡಿಯೊಳಗೆ ಯಾರಾದ್ರೂ ವಾಸ ಇದಾರಾ?" ಇಂಜಿನಿಯರ್ ಫಾರಂ ನೋಡಿ ಓದಿದ.

ಕುಮುದಿನಿ ಬಾಯಿ ತೆರೆಯುವ ಮೊದಲೇ, ತೊಟ್ಟಿಲು ತೂಗುತ್ತಿದ್ದ ವಾಚ್‌ಮನ್ ಹೆಂಡತಿ ಗಡಬಡಿಸಿ ಎದ್ದು ನಿಂತಳು.

"ಯಾರೂ ಇಲ್ಲ ಸಾರ್. ನಾವಷ್ಟೇ."